ಮಗಳಿಗೆ ‘ಅತ್ತಿಮಬ್ಬೆ’ ಅಂತ ಹೆಸರಿಡಬೇಕು ಅಂದುಕೊಂಡಿದ್ದೇವೆ, ಈ ಹೆಸರಿನವರು ಈಗ ಯಾರಾದರೂ ಇದ್ದೀರಾ?

ಹೊಸ ಅಮ್ಮ

ಎಲ್ಲರಿಗೂ ನಮಸ್ಕಾರ. ನಮಗೆ ಹೆಣ್ಣು ಮಗು ಹುಟ್ಟಿ ಇವತ್ತಿಗೆ ಹದಿನೆಂಟು ದಿನ. ಕೃತ್ತಿಕಾ ನಕ್ಷತ್ರ, ಒಂದನೇ ಪಾದ, ‘ಅ’ ಅಕ್ಷರದ ಹೆಸರಿಡಿ ಅಂತ ಪುರೋಹಿತರು ಹೇಳಿದರು. ಅವತ್ತಿನಿಂದ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆದ್ಯಾ, ಅನನ್ಯಾ, ಆರಾಧ್ಯಾ, ಅನ್ವಿತಾ ಅಂತ ದಿನಕ್ಕೆ ಹತ್ತು ಹೆಸರು ಬರುತ್ತಿವೆ. ಚೆನ್ನಾಗಿಲ್ಲ ಅಂತಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೂವರು ಆದ್ಯಾ ಇದ್ದಾರೆ. ಸಂಜೆ ಒಬ್ಬರು ಬಾಲ್ಕನಿಯಿಂದ ಕರೆದರೆ ಮೂರು ಮಕ್ಕಳೂ ತಲೆ ಎತ್ತಿ ನೋಡುತ್ತವೆ.

ನನ್ನ ಗಂಡನ ಊರು ಗದಗಿನ ಕಡೆ. ಮದುವೆಯಾದ ಹೊಸದರಲ್ಲಿ ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದರು. ಹೊರಗೆ ಸುಡು ಬಿಸಿಲು, ಬ್ರಹ್ಮ ಜಿನಾಲಯದ ಒಳಗೆ ಕಾಲಿಟ್ಟರೆ ತಂಪು, ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ನಾಲ್ಕು ಮುಖದ ಬ್ರಹ್ಮ ಕಾಣಿಸಿದ. ಇದನ್ನು ಕಟ್ಟಿಸಿದ್ದು ಒಬ್ಬ ಹೆಣ್ಣುಮಗಳು, ಅತ್ತಿಮಬ್ಬೆ ಅಂತ, ಅಂದರು ನನ್ನ ಗಂಡ. ಶಾಲೆಯಲ್ಲಿ ‘ದಾನಚಿಂತಾಮಣಿ ಎಂದು ಯಾರನ್ನು ಕರೆಯುತ್ತಾರೆ’ ಅನ್ನುವ ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು ಬಿಟ್ಟರೆ ನನಗೆ ಅವಳ ಬಗ್ಗೆ ಏನೂ ಗೊತ್ತಿರಲಿಲ್ಲ. ಆ ಹೆಸರು ಮಾತ್ರ ಅವತ್ತಿನಿಂದ ಮನಸ್ಸಿನಲ್ಲಿ ಕೂತಿದೆ. ‘ಅ’ ಅಕ್ಷರ ಬಂತು ಅಂದ ತಕ್ಷಣ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಬೇರೆ ಹೆಸರು ಹುಡುಕಲೇ ಇಲ್ಲ.

ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ನಮ್ಮಮ್ಮ, ಇದೇನು ಮುತ್ತಜ್ಜಿ ಕಾಲದ ಹೆಸರು ಅಂತಾರೆ. ಅತ್ತೆಯವರದು ಬೇರೆಯೇ ಮಾತು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳ ಹೆಸರು ತೊಟ್ಟಿಲಿಗೆ ಬೇಡ ಅಂತ. ಅವರ ಮೇಲೆ ನನಗೆ ಕೋಪವಿಲ್ಲ, ಮೊಮ್ಮಗಳ ಮೇಲಿನ ಪ್ರೀತಿಗೇ ಹೇಳುತ್ತಿದ್ದಾರೆ. ಆದರೆ ಏನು ಉತ್ತರ ಕೊಡಬೇಕೋ ತಿಳಿಯುತ್ತಿಲ್ಲ. ಹೆಸರಿನ ಅರ್ಥ ಏನು, ಆಗಿನ ಕಾಲದಲ್ಲಿ ಇಂಥ ಹೆಸರು ಸಾಮಾನ್ಯವಾಗಿತ್ತಾ, ಈಗ ಯಾರಿಗಾದರೂ ಇದೆಯಾ, ಇದ್ದರೆ ಶಾಲೆಯಲ್ಲಿ ಕಷ್ಟವಾಯಿತಾ, ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಮುಧೋಳ ಮಾಸ್ತರ

ತಂಗಿ, ಮಗುವಿಗೂ ನಿಮಗೂ ಒಳ್ಳೆಯದಾಗಲಿ. ನಿಮ್ಮ ಅತ್ತೆಯವರ ಮಾತಿಗೇ ಮೊದಲು ಬರುತ್ತೇನೆ, ಯಾಕೆಂದರೆ ಅದಕ್ಕೆ ನಮ್ಮೂರಿನವನೇ ಒಬ್ಬ ಸಾವಿರ ವರ್ಷದ ಹಿಂದೆ ಉತ್ತರ ಕೊಟ್ಟಿದ್ದಾನೆ.

ರನ್ನ ನಮ್ಮ ಮುಧೋಳದವನು. ಬಳೆಗಾರರ ಮನೆಯ ಹುಡುಗ. ಅವನಿಂದ ಅಜಿತಪುರಾಣ ಬರೆಸಿದವಳು ಈ ಅತ್ತಿಮಬ್ಬೆ, ಅದು 993ರ ಮಾತು. ತನ್ನ ಕೈ ಹಿಡಿದವರನ್ನು ರನ್ನ ಮರೆಯಲಿಲ್ಲ. ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ ಅಂತ ಹೆಸರಿಟ್ಟ. ಮಗಳಿಗೆ ಏನಿಟ್ಟ ಗೊತ್ತಾ? ಅತ್ತಿಮಬ್ಬೆ! ಅವಳನ್ನು ಕಣ್ಣಾರೆ ಕಂಡವನು, ಅವಳ ಮನೆಯ ಸುಖದುಃಖ ತಿಳಿದವನು, ಆ ಹೆಸರನ್ನು ತನ್ನ ಮನೆಯ ತೊಟ್ಟಿಲಿಗೆ ತಂದ. ನೀವು ಈಗ ಮಾಡಲು ಹೊರಟಿರುವುದೂ ಅದನ್ನೇ ಅಲ್ವಾ?

ಅವಳ ಕತೆಯನ್ನು ಅತ್ತೆಯವರಿಗೆ ಕೂರಿಸಿಕೊಂಡು ಹೇಳಿ. ತಂದೆ ಮಲ್ಲಪಯ್ಯ. ಮಾವ ಧಲ್ಲಪ, ಚಾಲುಕ್ಯ ತೈಲಪನ ಮಂತ್ರಿ. ಗಂಡ ನಾಗದೇವ ಸೇನಾಪತಿ. ತಂಗಿ ಗುಂಡಮಬ್ಬೆಯೂ ಅದೇ ನಾಗದೇವನ ಹೆಂಡತಿ. ಅವನು ತೀರಿಕೊಂಡಾಗ ತಂಗಿ ಅವನ ಜೊತೆ ಬೆಂಕಿಗೆ ಹೋದಳು. ಅಕ್ಕ ಉಳಿದಳು. ಮಗನನ್ನು ಬೆಳೆಸಿದಳು. ನಾವು ಇವತ್ತು ಅವಳ ಹೆಸರು ಹೇಳುವುದು ಆಮೇಲೆ ಅವಳು ಬಾಳಿದ ಬಾಳಿಗಾಗಿ, ಅವಳಿಗೆ ಬಂದ ಕಷ್ಟಕ್ಕಾಗಿ ಅಲ್ಲ.

ಏನೇನು ಮಾಡಿದಳು ಅಂದರೆ, ಪೊನ್ನ ಬರೆದ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಆ ಪುರಾಣ ಬರೆಸಿದ್ದು ಅವಳ ಅಪ್ಪ ಮತ್ತು ಚಿಕ್ಕಪ್ಪ, ಅದು ಹಾಳಾಗಬಾರದು ಅಂತ ಇವಳ ಹಟ. ಸಾವಿರ ಪ್ರತಿ ಅಂದರೆ ಈಗ ಒಂದು ಮಧ್ಯಾಹ್ನದ ಅಚ್ಚಿನ ಕೆಲಸ. ಆಗ ಒಂದೊಂದು ಓಲೆಗರಿ ಒಣಗಿಸಿ, ಹದ ಮಾಡಿ, ಕಂಠ ಅನ್ನುವ ಚೂಪು ಕಬ್ಬಿಣದ ಲೇಖನಿಯಲ್ಲಿ ಒಂದೊಂದೇ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸಬೇಕು. ಎಷ್ಟು ಜನ ಎಷ್ಟು ತಿಂಗಳು ಕೂತು ಬರೆದಿರಬಹುದು, ಅವರಿಗೆಲ್ಲ ಊಟ ಕೂಲಿ ಎಷ್ಟಾಗಿರಬಹುದು, ಯೋಚನೆ ಮಾಡಿ. ನಾನು ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಪುಟ ಕೈಬರಹದಲ್ಲಿ ನಕಲು ಮಾಡಿಸುತ್ತಿದ್ದೆ. ಒಂದೇ ಪುಟಕ್ಕೆ ಬೆರಳು ಜಾಡಿಸುತ್ತಿದ್ದರು. ಆಮೇಲೆ ಯಾರಿಗೂ ಅತ್ತಿಮಬ್ಬೆ ಮರೆಯುತ್ತಿರಲಿಲ್ಲ. ಇದಲ್ಲದೆ 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು ಅಂತಲೂ ಇದೆ. ಲಕ್ಕುಂಡಿಯ ಬಸದಿಯ ಶಾಸನ 1007ರದು.

ರನ್ನ ಅವಳ ನಡತೆಯನ್ನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ಕೊಪಣದ ಬೆಟ್ಟಕ್ಕೆ ಹೋಲಿಸುತ್ತಾನೆ. ಕೊಪಣ ಅಂದರೆ ಈಗಿನ ಕೊಪ್ಪಳ. ನನಗೆ ಆ ಅರಳೆಯ ಹೋಲಿಕೆ ಎಲ್ಲಕ್ಕಿಂತ ಇಷ್ಟ. ನಮ್ಮ ಕಡೆಯ ಎರೆ ಹೊಲದಲ್ಲಿ ಒಡೆದ ಹತ್ತಿಕಾಯಿ ನೋಡಿದವರಿಗೆ ಆ ಬಿಳುಪು ಎಂಥದ್ದು ಅಂತ ಗೊತ್ತು.

ಪುತ್ತೂರಿನಿಂದ

ಅರ್ಥದ ಬಗ್ಗೆ ನಾನು ಹೇಳುತ್ತೇನೆ. ‘ಅಬ್ಬೆ’ ಅಂದರೆ ತಾಯಿ. ಇದು ಹಳಗನ್ನಡದಲ್ಲಿ ಸತ್ತುಹೋದ ಪದ ಅಂತ ಯಾರಾದರೂ ಅಂದರೆ ನಂಬಬೇಡಿ. ನಮ್ಮ ಹವ್ಯಕ ಮಾತಿನಲ್ಲಿ ಅಮ್ಮನಿಗೆ ಇವತ್ತಿಗೂ ಅಬ್ಬೆ ಅಂತಲೇ ಹೇಳುವುದು. ನಾನು ಚಿಕ್ಕವನಿದ್ದಾಗ ಶಾಲೆಯಿಂದ ಬಂದವನೇ ಚೀಲ ಬಿಸಾಡಿ ‘ಅಬ್ಬೇ, ಎನಗೆ ಹಶು ಆವ್ತು’ ಅಂತ ಅಡುಗೆಮನೆಗೆ ಓಡುತ್ತಿದ್ದೆ. ಹಾಗಾಗಿ ನನ್ನ ಕಿವಿಗೆ ಅತ್ತಿಮಬ್ಬೆ ಅನ್ನುವುದು ಶಾಸನದ ಹೆಸರಾಗಿ ಕೇಳುವುದೇ ಇಲ್ಲ, ಪಕ್ಕದ ಮನೆಯವರ ಹೆಸರಿನ ಹಾಗೆ ಕೇಳುತ್ತದೆ.

ಹತ್ತನೇ ಶತಮಾನದಲ್ಲಿ ಅಬ್ಬೆ ಸೇರಿದ ಹೆಸರುಗಳು ಬೇಕಾದಷ್ಟು. ಮೇಲೆ ಮಾಸ್ತರರು ರನ್ನನ ಬಗ್ಗೆ ಬರೆದರು, ಅವನ ತಾಯಿ ಅಬ್ಬಲಬ್ಬೆ. ಪಂಪನ ತಾಯಿ ಅಬ್ಬಣಬ್ಬೆ, ಅದು ಗೊತ್ತಾದದ್ದು ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಬರೆಸಿದ ಶಾಸನದಿಂದ. ಗಂಡ ಸತ್ತ ಮೇಲೆ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ ಇದ್ದಾಳೆ. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಇದ್ದಾಳೆ, ಗಂಡನ ಜೊತೆ ಯುದ್ಧಕ್ಕೆ ಹೋದವಳು, ಕುದುರೆ ಮೇಲೆ ಕತ್ತಿ ಹಿಡಿದು ಕೂತಿರುವ ಹಾಗೆ ಕೆತ್ತಿದ್ದಾರೆ. ಅಂದರೆ ಇದು ರಾಣಿಯರಿಗೆ ಮಾತ್ರ ಇಡುತ್ತಿದ್ದ ದೊಡ್ಡ ಹೆಸರಲ್ಲ, ಆಗಿನ ಮನೆಮಾತು.

ಆಮೇಲೆ ಎಲ್ಲಿ ಹೋಯಿತು ಅಂತ ಕೇಳಿದರೆ, ಎಲ್ಲೂ ಹೋಗಲಿಲ್ಲ. ಹನ್ನೆರಡನೇ ಶತಮಾನದ ವಚನಕಾರ್ತಿಯರ ಹೆಸರು ನೋಡಿ, ಗೊಗ್ಗವ್ವೆ, ಕಾಳವ್ವೆ, ರೇಚವ್ವೆ. ಅಬ್ಬೆ ಬಾಯಲ್ಲಿ ಸವೆದು ಅವ್ವೆ ಆಯಿತು. ಅವ್ವೆ ಅವ್ವ ಆಯಿತು. ಕಲ್ಲವ್ವ, ಬಸವ್ವ, ಯಲ್ಲವ್ವ, ಎಲ್ಲ ಅದೇ ಸಾಲಿನವರು. ಅತ್ತಿಮಬ್ಬೆ ಅಂದರೆ ಗದಗಿನವರ ಬಾಯಲ್ಲಿ ಅತ್ತಿಮವ್ವ, ಅಷ್ಟೇ. ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ ನೋಡಿ, ಬಹುಶಃ ಅವರ ಅಜ್ಜಿಯ ಹೆಸರೂ ಅವ್ವ ಅಂತಲೇ ಮುಗಿಯುತ್ತಿತ್ತು.

ಶಾಂತಲಾಳ ಅಪ್ಪ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಮಗೂ ಇತಿಹಾಸದ ಹೆಸರೇ ಬೇಕಿತ್ತು, ಹೊಯ್ಸಳ ರಾಣಿಯ ನೆನಪಿಗೆ ಶಾಂತಲಾ ಅಂತ ಇಟ್ಟೆವು. ಯಾರೂ ಎರಡನೇ ಸಲ ಕೇಳಲಿಲ್ಲ. ಗಂಡು ಮಕ್ಕಳಿಗೂ ಮಯೂರ, ಪುಲಕೇಶಿ ಅಂತ ಇಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಅತ್ತಿಮಬ್ಬೆಗೆ ಮಾತ್ರ ಯಾಕೆ ಹೀಗೆ ಅಂದರೆ, ಕೊನೆಯ ಅಕ್ಷರ. ಈಗಿನ ಹೆಣ್ಣು ಮಕ್ಕಳ ಹೆಸರೆಲ್ಲ ‘ಆ’ ಅಂತಲೋ ‘ಇ’ ಅಂತಲೋ ಮುಗಿಯುತ್ತದೆ. ಕೊನೆಗೆ ಅಮ್ಮ, ಅಕ್ಕ, ಅವ್ವ ಬಂದರೆ ಹಳ್ಳಿ ಹೆಸರು ಅಂತ ನಾವೇ ತೆಗೆದುಹಾಕಿದೆವು. ಅಬ್ಬೆ ಅಂತೂ ಅದಕ್ಕೂ ಮೊದಲೇ ಹೋಯಿತು. ಸರ್ಕಾರ ಅವಳ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ, ಪಠ್ಯಪುಸ್ತಕದಲ್ಲಿ ಪಾಠ ಇದೆ. ಹೆಸರು ಗೊತ್ತಿಲ್ಲದ ಕನ್ನಡಿಗರು ಕಡಿಮೆ, ಇಟ್ಟವರು ಅದಕ್ಕಿಂತ ಕಡಿಮೆ.

ನೀವು ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಹೆಸರು ಹೊರುವುದು ಮಗು. ನಾಳೆ ಬೇರೆ ರಾಜ್ಯಕ್ಕೋ ದೇಶಕ್ಕೋ ಹೋದರೆ ಪ್ರತಿ ಸಲ ಬಿಡಿಸಿ ಹೇಳಬೇಕಾಗುತ್ತದೆ. ಕರೆಯಲು ಒಂದು ಸಣ್ಣ ಹೆಸರನ್ನೂ ಈಗಲೇ ಯೋಚಿಸಿಡಿ.

ಕಂಡಕ್ಟರ್ ಮಗಳು

ನನ್ನ ಹೆಸರೇ ಅತ್ತಿಮಬ್ಬೆ. ಈ ಪ್ರಶ್ನೆ ನೋಡಿ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದರು. ಗದಗ ಕೊಪ್ಪಳ ಮಾರ್ಗ. ಲಕ್ಕುಂಡಿ ಆ ದಾರಿಯಲ್ಲೇ ಸಿಗುತ್ತದೆ, ಗದಗ ಬಿಟ್ಟರೆ ಹನ್ನೊಂದು ಹನ್ನೆರಡು ಕಿಲೋಮೀಟರ್. ದಿನಾ ಯಾರಾದರೂ ಹೊಸಬರು ಇಳಿಯುವಾಗ, ಅತ್ತಿಮಬ್ಬೆ ಬಸದಿಗೆ ಯಾವ ಕಡೆ ಹೋಗಬೇಕು ಅಂತ ಕೇಳುತ್ತಿದ್ದರಂತೆ. ಅಪ್ಪ ಕೈ ಮಾಡಿ ದಾರಿ ತೋರಿಸಿ, ಸೀಟಿ ಊದಿ ಮುಂದೆ ಹೋಗುತ್ತಿದ್ದರು. ವರ್ಷಗಟ್ಟಲೆ ಹೀಗೇ. ಒಂದು ರಜೆಯ ದಿನ ತಾವೇ ಇಳಿದು ನೋಡಿ ಬಂದರು. ಓದಿದ್ದು ಏಳನೇ ತರಗತಿ. ಸಾವಿರ ವರ್ಷವಾದರೂ ಜನ ಇಳಿದು ಕೇಳುವ ಹೆಸರು ಅಂದರೆ ಅದು ಇಂಥದ್ದು, ನನ್ನ ಮಗಳಿಗೆ ಇದೇ ಇರಲಿ ಅಂದರಂತೆ. ನಾನು ಹುಟ್ಟಿದ್ದು ಅದಾಗಿ ಎರಡು ತಿಂಗಳಿಗೆ.

ಕಷ್ಟ ಆಯಿತಾ ಅಂತ ಕೇಳಿದ್ದೀರಿ. ಆಯಿತು. ಸುಳ್ಳು ಹೇಳುವುದಿಲ್ಲ. ಮೂರನೇ ತರಗತಿಯಿಂದ ಆರನೇ ತರಗತಿವರೆಗೆ ಹುಡುಗರು ನನ್ನನ್ನು ‘ಅತ್ತ ಎಮ್ಮೆ’ ಅಂತ ಕರೆದರು. ಮನೆಗೆ ಬಂದು ಅತ್ತು, ಹೆಸರು ಬದಲಾಯಿಸಿ ಅಂತ ಊಟ ಬಿಟ್ಟಿದ್ದೂ ಇದೆ. ಅಪ್ಪ ಬೈಯಲಿಲ್ಲ. ಮರುದಿನ ಬಸ್ಸಿನಲ್ಲಿ ಕೂರಿಸಿಕೊಂಡು ಲಕ್ಕುಂಡಿಗೆ ಕರೆದುಕೊಂಡು ಹೋದರು, ಹೋಗುತ್ತಾ ಏನೂ ಹೇಳಲಿಲ್ಲ, ಬಸದಿಯ ಕಂಬಕ್ಕೆ ನನ್ನ ಕೈ ಮುಟ್ಟಿಸಿ, ಇದು ನಿನ್ನ ಹೆಸರಿನಾಕಿ ಕಟ್ಟಿಸಿದ್ದು ಅಂದರು, ಅಷ್ಟೇ. ಆ ಕಂಬ ಎಷ್ಟು ನುಣುಪು, ಎಷ್ಟು ತಣ್ಣಗಿತ್ತು ಅಂತ ನನಗೆ ಇನ್ನೂ ನೆನಪಿದೆ. ಆಮೇಲೆ ಹುಡುಗರು ಕರೆಯುವುದು ನಿಲ್ಲಿಸಲಿಲ್ಲ, ನನಗೆ ನೋವಾಗುವುದು ನಿಂತಿತು.

ಈಗ ಬೆಂಗಳೂರಿನಲ್ಲಿ ಕೆಲಸ. ಫೋನಿನಲ್ಲಿ ಹೆಸರು ಹೇಳಿದರೆ ಫಾತಿಮಾ ಅಂತ ಬರೆದುಕೊಳ್ಳುತ್ತಾರೆ. ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಕನ್ನಡದವರಾದರೆ ಒಂದು ಕ್ಷಣ ಸುಮ್ಮನಾಗಿ, ದಾನಚಿಂತಾಮಣಿ ಅತ್ತಿಮಬ್ಬೆ ಅಂತಾರಲ್ಲ, ಅದೇನಾ ಅಂತ ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗಿ ಎಷ್ಟೋ ಜನ ಪರಿಚಯವಾಗಿದ್ದಾರೆ. ಮನೆಯಲ್ಲಿ ನನಗೆ ‘ಅಬ್ಬು’ ಅಂತಾರೆ. ನನ್ನ ಹೆಸರಿನ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ. ನೀವು ಇಟ್ಟರೆ ನಿಮ್ಮ ಮಗಳನ್ನು ನೋಡಲು ಖಂಡಿತ ಬರುತ್ತೇನೆ.

ಜನನ ನೋಂದಣಿ ಕೆಲಸದವ

ಒಂದು ಉಪಯೋಗದ ಮಾತು. ಮನೆಯಲ್ಲಿ ಒಪ್ಪಿಗೆ ಆಗಿಲ್ಲ ಅಂತ ಅವಸರ ಮಾಡಬೇಡಿ. ಜನನ ನೋಂದಣಿ ಆಗಿದ್ದರೆ ಸಾಕು, ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದು ದಾಟಿದರೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಆದರೆ ಒಮ್ಮೆ ಸೇರಿಸಿದ ಮೇಲೆ ತಿದ್ದಿಸುವುದು ಬಹಳ ಓಡಾಟ. ಇಂಗ್ಲಿಷಿನಲ್ಲಿ ಎರಡು ‘ಟಿ’, ಒಂದು ‘ಎಂ’, ಎರಡು ‘ಬಿ’ ಅಂತ ಈಗಲೇ ತೀರ್ಮಾನ ಮಾಡಿ, ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಬೇಡಿ. ಆಧಾರ್, ಶಾಲೆಯ ದಾಖಲಾತಿ, ಪಾಸ್‌ಪೋರ್ಟ್ ಎಲ್ಲ ಕಡೆ ಅದೇ ಕಾಗುಣಿತ ಇರಲಿ. ಇಂಥ ಹೆಸರಿನಲ್ಲಿ ಒಂದು ‘ಬಿ’ ಬಿಟ್ಟುಹೋಗಿ ವರ್ಷಗಟ್ಟಲೆ ಅಲೆದವರನ್ನು ನೋಡಿದ್ದೇನೆ.

ಹೊಸ ಅಮ್ಮ

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಕಂಡಕ್ಟರ್ ಮಗಳು ಬರೆದದ್ದನ್ನು ನಾನು ಹಾಲು ಕುಡಿಸುತ್ತಾ ಗಟ್ಟಿಯಾಗಿ ಓದಿದೆ. ಅತ್ತೆ ಪಕ್ಕದಲ್ಲೇ ಕೂತು ಮಗುವಿನ ಟೋಪಿ ಹೊಲಿಯುತ್ತಿದ್ದರು. ಅಪ್ಪ ಕಂಬ ಮುಟ್ಟಿಸಿದ ಸಾಲು ಬಂದಾಗ ಸೂಜಿ ನಿಂತಿತು. ಆಮೇಲೆ ಮಾಸ್ತರರು ಬರೆದದ್ದನ್ನು ಇನ್ನೊಂದು ಸಲ ಓದು ಅಂದರು. ರನ್ನ ತನ್ನ ಮಗಳಿಗೇ ಇಟ್ಟನಾ ಅಂತ ಎರಡು ಸಲ ಕೇಳಿದರು. ಪುತ್ತೂರಿನವರು ಹೇಳಿದ್ದು ನಿಜ ಸರ್, ಅವರ ಅಜ್ಜಿಯ ಹೆಸರು ನೀಲವ್ವ.

ರಾತ್ರಿ ಮಗು ಅಳುತ್ತಿತ್ತು. ಅತ್ತೆ ಎತ್ತಿಕೊಂಡು ಓಡಾಡಿಸುತ್ತಾ ‘ಅತ್ತಿಮವ್ವಾ, ಯಾಕವ್ವಾ ಅಳ್ತಿ’ ಅಂದದ್ದು ಪಕ್ಕದ ಕೋಣೆಯಿಂದ ಕೇಳಿಸಿತು. ನಾನು ಎದ್ದು ಹೋಗಲಿಲ್ಲ, ಸುಮ್ನೆ ಮಲಗಿ ಕೇಳಿಸಿಕೊಂಡೆ.

ಮುಂದಿನ ಭಾನುವಾರ ತೊಟ್ಟಿಲ ಶಾಸ್ತ್ರ. ಕಿವಿಯಲ್ಲಿ ಹೆಸರು ಹೇಳಬೇಕಾದ ನನ್ನ ನಾದಿನಿ ನಿನ್ನೆಯಿಂದ ಫೋನಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದಾಳೆ. ಆಮಂತ್ರಣ ಅಚ್ಚಿಗೆ ಕೊಡುವ ಮೊದಲು ಎರಡು ‘ಟಿ’, ಎರಡು ‘ಬಿ’ ಇದೆಯಾ ಅಂತ ಮೂರು ಸಲ ನೋಡಿದೆ. ಅಬ್ಬು ಅಕ್ಕ, ನಿಮಗೆ ಮೆಸೇಜ್ ಹಾಕಿದ್ದೇನೆ, ವಿಳಾಸ ಅದರಲ್ಲಿದೆ, ಊಟಕ್ಕೇ ಬನ್ನಿ.