ಸಹಾಯ ಬೇಕು: ವಿರಾಜಪೇಟೆ ಹತ್ತಿರದ ಹರಾಜು ಮನೆ
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ಒಂದು ಮನೆ ಸರ್ಫೇಸಿ ಕಾಯ್ದೆಯಡಿ (ಸಾಲ ತೀರಿಸದವರ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ಮಾರಬಹುದು ಅನ್ನುವ ಕಾಯ್ದೆ) ಬ್ಯಾಂಕ್ ಹರಾಜಿಗೆ ಬಂದಿದೆ. ಬೆಲೆ ಕಡಿಮೆ ಅಂತ ಮನೆಯವರಿಗೆ ಆಸೆ, ನನಗೆ ಭಯ.

ಹರಾಜು ನಮಗಾದರೆ ಠೇವಣಿ ಸೇರಿ ಶೇ. 25 ತಕ್ಷಣ ಕಟ್ಟಬೇಕು, ಉಳಿದದ್ದು ಮಾರಾಟ ಖಚಿತವಾದ 15 ದಿನದೊಳಗೆ. ತಪ್ಪಿದರೆ ಕಟ್ಟಿದ ದುಡ್ಡು ಮುಟ್ಟುಗೋಲು. ಅಷ್ಟರಲ್ಲಿ ಸಾಲ ಸಿಗುತ್ತದಾ?

ಜಾಸ್ತಿ ತಲೆನೋವು ಜಾಗದ್ದು. ಅದು ಮೊದಲು ಜಮ್ಮಾ ಬಾಣೆ, ಅಂದರೆ ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬರುವ ಜಾಗ, ಆಗಿತ್ತಂತೆ. ಆರ್‌ಟಿಸಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಜೊತೆ ಒಕ್ಕದ, ಅಂದರೆ ಅದೇ ಮನೆತನದ, ಬೇರೆಯವರ ಹೆಸರೂ ಇದೆ. ನಾಳೆ ಅವರು ಕೋರ್ಟಿಗೆ ಹೋದರೆ? ಹಳೇ ಮಾಲೀಕರು ಬೇರೆ ಇನ್ನೂ ಮನೆಯೊಳಗೇ ಇದ್ದಾರೆ. ನೋಟಿಸಿನಲ್ಲಿ ‘ಇದ್ದಲ್ಲಿ, ಇದ್ದ ಹಾಗೆ’ ಅಂತಿದೆ. ಬಾಕಿ ಕಂದಾಯ, ಕರೆಂಟ್ ಬಿಲ್ ಎಲ್ಲಾ ನಮ್ಮ ತಲೆಗೇ ಅಲ್ವಾ?

ಜಮ್ಮಾ ದಾಖಲೆ ಓದಿ ಗೊತ್ತಿರುವ ವಕೀಲರು ಇದ್ದರೆ ತಿಳಿಸಿ, ಫೀಸ್ ಎಷ್ಟಾಗಬಹುದು ಅಂತಲೂ. ಸುಮ್ನೆ ‘ಬೇಡ ಬಿಡಿ’ ಅನ್ನುವವರು ದಯವಿಟ್ಟು ಕಾರಣವನ್ನೂ ಬರೆಯಿರಿ.