ಹಳೇ ಸ್ಟ್ಯಾಟಿಕ್ ಸೈಟ್ ಹೊಸ ಹೋಸ್ಟಿಂಗ್‌ಗೆ: ಮೇಲ್ ನಿಲ್ಲದ ಹಾಗೆ ಸಾಗಿಸುವುದು ಹೇಗೆ?

ಪುಟಗಾರ (ಪ್ರಶ್ನೆ)

ನನ್ನದೊಂದು ಹಳೇ ಸೈಟ್ ಇದೆ, ಪೂರ್ತಿ ಸ್ಟ್ಯಾಟಿಕ್. ಎಚ್‌ಟಿಎಂಎಲ್, ಸಿಎಸ್‌ಎಸ್, ಒಂದಷ್ಟು ಚಿತ್ರ, ಒಂದಷ್ಟು ಆಡಿಯೊ. ಡೇಟಾಬೇಸ್ ಇಲ್ಲ, ಪಿಎಚ್‌ಪಿ ಇಲ್ಲ. ಇಷ್ಟಕ್ಕೆ ಸುಮ್ನೆ ವರ್ಷ ವರ್ಷ ಸಿಪ್ಯಾನೆಲ್ (ಸೈಟೂ ಮೇಲೂ ಒಂದೇ ಕಡೆ ನೋಡಿಕೊಳ್ಳುವ ಹೋಸ್ಟಿಂಗ್ ಫಲಕ) ಪ್ಯಾಕೇಜಿಗೆ ದುಡ್ಡು ಕಟ್ಟುತ್ತಾ ಕೂತಿದ್ದೇನೆ. ಸ್ಟ್ಯಾಟಿಕ್ ಸೈಟ್‌ಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ಗೆ ಹೋಗೋಣ ಅಂತಿದೆ. ಫೈಲ್ ಎತ್ತಿ ಹಾಕುವುದು ಗೊತ್ತು. ಡಿಎನ್‌ಎಸ್ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಅಂತ ಹೇಳುವ ಪಟ್ಟಿ) ಅಂದರೆ ಮಾತ್ರ ಕೈ ನಡುಗುತ್ತದೆ. ನನ್ನ ಮೇಲ್ ಕೂಡ ಅದೇ ಡೊಮೇನ್‌ನಲ್ಲಿದೆ. ಸೈಟ್ ಒಂದೆರಡು ಗಂಟೆ ಕಾಣದಿದ್ದರೆ ಪರವಾಗಿಲ್ಲ, ಮೇಲ್ ತಪ್ಪಬಾರದು. ಆಡಿಯೊ ಫೈಲ್ ಕೆಲವು 40 ಎಂಬಿ ದಾಟುತ್ತವೆ. ಯಾವುದು ವಾಸಿ? ಯಾವುದು ಮೊದಲು, ಯಾವುದು ಆಮೇಲೆ?

ಕರ್ಸರ್

40 ಎಂಬಿ ಅಂದಮೇಲೆ ಕ್ಲೌಡ್‌ಫ್ಲೇರ್ ಪೇಜಸ್ ಬಿಡಿ. ಅಲ್ಲಿ ಒಂದು ಫೈಲ್ 25 ಎಂಬಿ ಮೀರುವ ಹಾಗಿಲ್ಲ. ಗಿಟ್‌ಹಬ್‌ನಲ್ಲಿ ಒಂದು ಫೈಲ್‌ಗೆ 100 ಎಂಬಿ, ಇಡೀ ಸೈಟ್‌ಗೆ 1 ಜಿಬಿ ಮಿತಿ. ಡಿಎನ್‌ಎಸ್‌ನಲ್ಲಿ ಎ ರೆಕಾರ್ಡ್ (ಹೆಸರಿಗೆ ಸರ್ವರ್‌ನ ಐಪಿ ವಿಳಾಸ ಹೇಳುವ ಸಾಲು) ಬದಲಿಸಿ, ಎಂಎಕ್ಸ್ (ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಸಾಲು) ಮುಟ್ಟಬೇಡಿ. ಮೇಲ್ ತನ್ನ ಪಾಡಿಗೆ ಬರುತ್ತಿರುತ್ತದೆ.

ತಂತಿಜಾಲ

ಮಿತಿಗಳ ಮಾತು ಸರಿ. ಆದರೆ "ಎಂಎಕ್ಸ್ ಮುಟ್ಟಬೇಡಿ" ಅನ್ನುವ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಸಿಪ್ಯಾನೆಲ್‌ನಲ್ಲೇ ಸಮಸ್ಯೆ ಅಡಗಿರುವುದು.

ನಿಮ್ಮ ಡಿಎನ್‌ಎಸ್ ಪುಟ ತೆಗೆದು ಎಂಎಕ್ಸ್ ಎಲ್ಲಿಗೆ ತೋರಿಸುತ್ತಿದೆ ನೋಡಿ. ಸಿಪ್ಯಾನೆಲ್ ತಾನಾಗಿ ಮಾಡಿಕೊಡುವ ಎಂಎಕ್ಸ್ ಸಾಮಾನ್ಯವಾಗಿ ನಿಮ್ಮ ಡೊಮೇನ್ ಹೆಸರಿಗೇ ತೋರಿಸುತ್ತದೆ. ಅಂದರೆ "ಈ ಡೊಮೇನ್‌ನ ಮೇಲ್ ಎಲ್ಲಿಗೆ?" ಅಂದರೆ "ಈ ಡೊಮೇನ್‌ಗೇ" ಅಂತ ಉತ್ತರ. ಸೈಟೂ ಮೇಲೂ ಒಂದೇ ಸರ್ವರ್‌ನಲ್ಲಿ ಇರೋವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಎ ರೆಕಾರ್ಡನ್ನು ಗಿಟ್‌ಹಬ್ ಕಡೆ ತಿರುಗಿಸಿದ ಕೂಡಲೇ ನಿಮ್ಮ ಮೇಲ್ ಕೂಡ ಗಿಟ್‌ಹಬ್ ಬಾಗಿಲು ತಟ್ಟುತ್ತದೆ. ಅಲ್ಲಿ ಮೇಲ್ ತೆಗೆದುಕೊಳ್ಳುವವರು ಯಾರೂ ಇಲ್ಲ. ಇನ್ನೊಂದು, "ಮೇಲ್" ಅನ್ನುವ ಸಬ್‌ಡೊಮೇನ್ ಇದ್ದರೂ ಬಹಳ ಸಲ ಅದು ಮುಖ್ಯ ಡೊಮೇನ್‌ಗೆ ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್) ಆಗಿರುತ್ತದೆ. ಅದೂ ಜೊತೆಗೇ ಹೋಗುತ್ತದೆ.

ಹಾಗಾಗಿ ಮೊದಲು ಆ ಗಂಟು ಬಿಡಿಸಿ. ಹಳೇ ಸರ್ವರ್‌ನ ಐಪಿ ಬರೆದಿಟ್ಟುಕೊಳ್ಳಿ. "ಮೇಲ್" ಸಬ್‌ಡೊಮೇನ್‌ನ ಸಿನೇಮ್ ತೆಗೆದು, ಆ ಐಪಿಗೆ ಎ ರೆಕಾರ್ಡ್ ಮಾಡಿ. ಎಂಎಕ್ಸ್ ಅನ್ನು ಅದಕ್ಕೆ ತೋರಿಸಿ. ಅದೇ ಹೊತ್ತಿಗೆ ಎ ರೆಕಾರ್ಡ್‌ನ ಟಿಟಿಎಲ್ (ಆ ಉತ್ತರವನ್ನು ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅವಧಿ) 300 ಸೆಕೆಂಡ್‌ಗೆ ಇಳಿಸಿ. ಹಳೇ ಟಿಟಿಎಲ್ 86400 ಇದ್ದರೆ ಒಂದು ದಿನ ಸುಮ್ಮನಿರಿ, ಅಷ್ಟರಲ್ಲಿ ಹಳೇ ಉತ್ತರಗಳು ಎಲ್ಲ ಕಡೆ ಅಳಿಸಿರುತ್ತವೆ. ನಡುವೆ ಹೊರಗಿನ ಖಾತೆಯಿಂದ ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ. ಬಂತಾ? ಹಾಗಾದರೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಸೇರಿಸಿ, ಆಮೇಲೆ ಎ ರೆಕಾರ್ಡ್ ತಿರುಗಿಸಿ. ಗಿಟ್‌ಹಬ್ ಪೇಜಸ್‌ಗೆ ನಾಲ್ಕು ಎ ರೆಕಾರ್ಡ್ ಹಾಕಬೇಕು: 185.199.108.153ರಿಂದ 185.199.111.153ರವರೆಗೆ, ಮೂರನೇ ಸಂಖ್ಯೆ ಮಾತ್ರ ಬದಲಾಗುತ್ತದೆ. ನೇಮ್‌ಸರ್ವರ್ (ಈ ರೆಕಾರ್ಡ್‌ಗಳನ್ನೆಲ್ಲ ಇಟ್ಟುಕೊಂಡಿರುವ ಸರ್ವರ್) ಮುಟ್ಟುವುದೇ ಬೇಡ.

ಎಚ್‌ಟಿಟಿಪಿಎಸ್ ಕಡ್ಡಾಯ ಮಾಡುವ ಆಯ್ಕೆ ಕೂಡಲೇ ಸಿಗದಿದ್ದರೆ ಗಾಬರಿ ಬೇಡ, 24 ಗಂಟೆವರೆಗೂ ಹಿಡಿಯಬಹುದು.

ಪುಟಗಾರ

ಎಂಎಕ್ಸ್ ನೀವು ಹೇಳಿದ ಹಾಗೇ ಡೊಮೇನ್‌ಗೇ ತೋರಿಸುತ್ತಿತ್ತು! ಬೇರೆ ಮಾಡಿದೆ, ಮೇಲ್ ಬರುತ್ತಿದೆ. ಸೈಟ್ ಇನ್ನೂ ತಿರುಗಿಸಿಲ್ಲ, ಗಿಟ್‌ಹಬ್‌ನ ತಾತ್ಕಾಲಿಕ ವಿಳಾಸದಲ್ಲಿ ನೋಡುತ್ತಿದ್ದೇನೆ. ಅಲ್ಲೊಂದು ವಿಚಿತ್ರ. ನನ್ನ ಫೈಲ್‌ಗಳ ಹೆಸರು ಕನ್ನಡದಲ್ಲಿವೆ. "ಮಳೆ" ತೆರೆಯುತ್ತದೆ, "ಕಾಡು" ತೆರೆಯುತ್ತದೆ. "ಕೋಗಿಲೆ" 404 (ಪುಟ ಸಿಗಲಿಲ್ಲ). "ಬೇಸಿಗೆ", "ನೀರು" ಕೂಡ 404. ಲಿಂಕ್‌ನಲ್ಲಿ, ಫೈಲ್‌ನಲ್ಲಿ ಹೆಸರು ಒಂದೇ ಕಾಣುತ್ತದೆ. ಹಳೇ ಸರ್ವರ್‌ನಿಂದ ನನ್ನ ಹಳೇ ಮ್ಯಾಕ್‌ಗೆ ಇಳಿಸಿ, ಬ್ರೌಸರ್‌ನಲ್ಲಿ ಎಳೆದು ಹಾಕಿದ್ದು. ದೊಡ್ಡ ಆಡಿಯೊಗಳು ಅಪ್‌ಲೋಡ್ ಆಗಲೇ ಇಲ್ಲ.

ತಂತಿಜಾಲ

ಆಹಾ, ಇದು ಕನ್ನಡದವರಿಗೇ ಮೀಸಲಾದ ತಲೆನೋವು. (ಸರಿ, ಇನ್ನೂ ಕೆಲವು ಲಿಪಿಗಳಿಗೂ ಇದೆ.) ಯೂನಿಕೋಡ್‌ನಲ್ಲಿ "ಕೋ"ದ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ಒಂದೇ ಅಕ್ಷರಸಂಕೇತವಾಗಿ, ಇಲ್ಲವೇ ಎತ್ವ, ಊಕಾರ, ದೀರ್ಘ ಅಂತ ಮೂರು ತುಂಡಾಗಿ. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ವ್ಯವಸ್ಥೆ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತದೆ. ನಿಮ್ಮ ಪುಟದೊಳಗಿನ ಲಿಂಕ್ ಇಡಿಯಾಗಿದೆ, ಫೈಲ್ ಹೆಸರು ತುಂಡಾಗಿದೆ. ಕೀ, ಕೇ, ಕೈ, ಕೊ, ಕೋ ಈ ಐದರ ಚಿಹ್ನೆಗಳು ಮಾತ್ರ ಹೀಗೆ ಒಡೆಯುತ್ತವೆ. ಕಾ, ಕೂ, ಕೌ ಒಡೆಯುವುದಿಲ್ಲ. ಅದಕ್ಕೇ "ಕಾಡು" ಬಚಾವ್.

ಎಳೆದು ಹಾಕುವುದು ಬಿಡಿ. ಹೊಸ ರೆಪೊ (ಗಿಟ್‌ಹಬ್‌ನಲ್ಲಿ ಫೈಲ್‌ಗಳನ್ನು ಇಡುವ ಜಾಗ) ಮಾಡಿ, ಮ್ಯಾಕ್‌ನಲ್ಲಿ ಗಿಟ್ ಪ್ರೋಗ್ರಾಮಿನಿಂದಲೇ ಪುಶ್ ಮಾಡಿ, ಅಂದರೆ ಅಲ್ಲಿಗೆ ಕಳಿಸಿ. ಗಿಟ್‌ನ ಪ್ರಿಕಂಪೋಸ್‌ಯೂನಿಕೋಡ್ ಸೆಟ್ಟಿಂಗ್ ಆನ್ ಇದ್ದರೆ ತುಂಡುಗಳನ್ನು ಅದೇ ಕೂಡಿಸುತ್ತದೆ. ಆಡಿಯೊ ಸಮಸ್ಯೆಯೂ ಅಲ್ಲಿಗೇ ಮುಗಿಯುತ್ತದೆ, ಗಿಟ್‌ಹಬ್‌ನಲ್ಲಿ 25 ಎಂಬಿ ಮಿತಿ ಬ್ರೌಸರ್ ಅಪ್‌ಲೋಡ್‌ಗೆ ಮಾತ್ರ.

ಕರ್ಸರ್

ಎಂಎಕ್ಸ್ ವಿಷಯ ಒಪ್ಪಿದೆ. ಒಂದು ಸೇರಿಸುತ್ತೇನೆ: ಹಳೇ ಸರ್ವರ್‌ನ ಡಾಟ್ ಎಚ್‌ಟಿಆಕ್ಸೆಸ್ ಅನ್ನುವ ಸೆಟ್ಟಿಂಗ್ ಫೈಲ್‌ನಲ್ಲಿ ರೀಡೈರೆಕ್ಟ್ (ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ ಸೂಚನೆ) ಇದ್ದರೆ ಗಿಟ್‌ಹಬ್ ಪೇಜಸ್ ಅದನ್ನು ಓದುವುದಿಲ್ಲ. ಹಳೇ ವಿಳಾಸದಲ್ಲೇ ಮೆಟಾ ರಿಫ್ರೆಶ್ (ಓದುಗರನ್ನು ತಾನಾಗಿ ಹೊಸ ಪುಟಕ್ಕೆ ಕಳಿಸುವ ಟ್ಯಾಗ್) ಇರುವ ಪುಟ್ಟ ಪುಟ ಇಡಬೇಕು.

ಪುಟಗಾರ

ಕೋಗಿಲೆ ಕೂಗಿತು! ಆಡಿಯೊನೂ ಬಂತು. ರೀಡೈರೆಕ್ಟ್ ನಾಲ್ಕೈದೇ ಇವೆ, ಕೈಯಲ್ಲೇ ಮಾಡುತ್ತೇನೆ. ತಿರುಗಿಸಿದ ಮೇಲೆ ಹಳೇ ಪ್ಯಾಕೇಜ್ ರದ್ದು ಮಾಡಬಹುದು ಅಲ್ವಾ?

ತಂತಿಜಾಲ

ಈಗಲೇ ಬೇಡ. ನಿಮ್ಮ ಮೇಲ್‌ಬಾಕ್ಸ್ ಇರುವುದು ಆ ಪ್ಯಾಕೇಜಿನೊಳಗೇ. ರದ್ದಾದರೆ ಹಳೇ ಮೇಲ್‌ಗಳೂ ಹೋಗುತ್ತವೆ. ಮೊದಲು ಬೇರೆ ಮೇಲ್ ಸೇವೆ ಹಿಡಿದು ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲಿರುವ ಮೇಲ್ ತಲುಪುವ ವಿಧಾನ) ಎಲ್ಲ ಸಾಗಿಸಿ, ಎಂಎಕ್ಸ್ ಬದಲಿಸಿ. ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್‌ನ ಟಿಎಕ್ಸ್‌ಟಿ ರೆಕಾರ್ಡ್‌ಗಳನ್ನೂ ಹೊಸ ಸೇವೆಯವರು ಕೊಟ್ಟ ಹಾಗೆ ಹಾಕಿ, ಇಲ್ಲದಿದ್ದರೆ ನೀವು ಕಳಿಸಿದ್ದೆಲ್ಲ ಸ್ಪ್ಯಾಮ್‌ಗೆ ಬೀಳಬಹುದು. ಡೊಮೇನ್ ಕೂಡ ಅವರ ಹತ್ತಿರವೇ ಕೊಂಡಿದ್ದರೆ ಅದರ ನವೀಕರಣ ಬೇರೆ, ರದ್ದು ಮಾಡುವಾಗ ಅದನ್ನೂ ಸೇರಿಸಿ ಟಿಕ್ ಮಾಡಿಬಿಡಬೇಡಿ.