ಅಪ್‌ಡೇಟ್: ದವಡೆ ಕೆಳಗಿನ ಗಂಟು, ಸ್ಕ್ಯಾನ್ ಆಯ್ತು

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ದವಡೆ ಕೆಳಗೆ ಬಟಾಣಿಯಷ್ಟು ಗಂಟು ಕೈಗೆ ಸಿಗ್ತಿದೆ, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇರಬಹುದಾ ಅಂತ? ಅದಲ್ಲ.

ಸ್ಕ್ಯಾನ್ ಮಾಡುವಾಗ ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅವರೆಕಾಳಿನ ಆಕಾರ, ನಡುವೆ ಬೆಳ್ಳನೆಯ ಪಟ್ಟಿ. ಗಂಟು ಅಂದರೆ ಊದಿಕೊಂಡ ದುಗ್ಧಗ್ರಂಥಿ; ಆ ಪಟ್ಟಿ ಅದರೊಳಗಿನ ಕೊಬ್ಬು, ಅದು ಹಾಗೇ ಉಳಿದಿರುವುದು ಒಳ್ಳೆಯ ಲಕ್ಷಣವಂತೆ. ಅಗಲ 7 ಮಿ.ಮೀ. ಆಮೇಲೆ "ಹಲ್ಲುನೋವು ಇದೆಯಾ?" ಅಂದರು. ಇತ್ತು! ಗಂಟಿನ ಗಾಬರಿಯಲ್ಲಿ ಅದೇ ಬದಿಯ ದವಡೆಹಲ್ಲು ಚುಳ್ ಅನ್ನುತ್ತಿದ್ದದ್ದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಬೇರಿನ ಹತ್ತಿರ ಕೀವು ಕಟ್ಟಿತ್ತು, ಅದಕ್ಕೇ ಗ್ರಂಥಿ ಊದಿಕೊಂಡದ್ದು. ರೂಟ್ ಕೆನಾಲ್ ಆಯ್ತು, ಆ ಕಥೆ ಈಗ ಬೇಡ.

ಎರಡು ಕೆ.ಜಿ. ತೂಕ ಇಳಿದಿದೆ ಅಂತ ಹೆದರಿದ್ದೆ. ಹೆದರಿಕೆಗೆ ಊಟ ಬಿಟ್ಟರೆ ಇಳಿಯದೆ ಇನ್ನೇನು! ಗಂಟು ನೋಯುತ್ತಿದ್ದದ್ದರಲ್ಲಿ ನನ್ನ ಪಾಲೂ ಇದೆ: ಹಲ್ಲುಜ್ಜುವಾಗ, ಲಿಫ್ಟ್‌ನಲ್ಲಿ, ಮೀಟಿಂಗ್ ಮಧ್ಯೆ ಒತ್ತಿ ಒತ್ತಿ ನೋಡಿ ಚರ್ಮವೇ ಕೆಂಪಗಾಗಿತ್ತು. "ದಯವಿಟ್ಟು ಕೈ ತೆಗೀರಿ" ಅಂತ ಡಾಕ್ಟರೇ ಬೈದರು.

ಆರು ವಾರ ಬಿಟ್ಟು ಮತ್ತೆ ತೋರಿಸಬೇಕು, ಬೆಳೆದರೆ ಅಥವಾ ಕಲ್ಲಿನಂತೆ ಗಟ್ಟಿಯಾದರೆ ಅದಕ್ಕೂ ಮೊದಲೇ. ಇವತ್ತು ಎರಡೇ ಸಲ ಮುಟ್ಟಿದ್ದೇನೆ.